ಹಿತ್ತಲ ಬಾಗಿಲಿಂದ ಬನ್ನಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಕರ್ನಾಟಕದ ಮನೆ ಮ್ಯೂಸಿಯಂಗಳು: ಒಂದು ಅವಲೋಕನ’ ಅಂತ ಅಚ್ಚಾಗಿದೆ. ಸಂಘಟಕರು ಫೋನಿನಲ್ಲಿ ಕೇಳಿದಾಗ ನಾನೇ ಹ್ಞೂಂ ಅಂದಿದ್ದೆ. ಆಮೇಲೆ ಬರೆಯಲು ಕೂತರೆ ಅವಲೋಕನ ಬರಲೇ ಇಲ್ಲ, ಸಿಟ್ಟು ಬಂತು. ಹಾಗಾಗಿ ಇವತ್ತು ಸ್ವಲ್ಪ ಜಗಳ ಮಾಡುತ್ತೇನೆ. ಜಗಳ ನನ್ನ ಜೊತೆಗೇ ಅಂತ ಇಟ್ಟುಕೊಳ್ಳಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ವರ್ಷ ವರ್ಷ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಪ್ರವಾಸ ಹೋದವನು. ಇವತ್ತು ನಾನು ಬೈಯುವ ತಪ್ಪುಗಳನ್ನೆಲ್ಲ ಮಾಡಿದವನೂ ನಾನೇ.

ಇವತ್ತು ಮೇ 18, ಮ್ಯೂಸಿಯಂ ದಿನ. 1977ರಿಂದ ಜಗತ್ತಿನ ತುಂಬ ಆಚರಿಸುತ್ತಿದ್ದಾರೆ. ಬ್ಯಾನರು, ಭಾಷಣ, ಒಂದು ಗ್ರೂಪ್ ಫೋಟೊ. ಮಾರನೇ ದಿನ ಬೀಗ. ಅದಕ್ಕೇ ನಾನು ಒಂದು ಚೀಲ ತಂದಿದ್ದೇನೆ. ಇದರೊಳಗೆ ಒಂದು ಸಾಮಾನಿದೆ, ಕೊನೆಗೆ ತೋರಿಸುತ್ತೇನೆ. ಮರೆತರೆ ನೀವು ನೆನಪು ಮಾಡಬೇಕು. ಮಾತು ಶುರುವಾದರೆ ಇವರು ನಿಲ್ಲಿಸುವುದಿಲ್ಲ ಅಂತ ಮನೆಯಲ್ಲೇ ದೂರಿದೆ.

ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ಬಾಗಿಲು.

ಯಾರಾದರೂ ದೊಡ್ಡವರು ಬಾಳಿದ ಮನೆ ನೋಡಲು ಹೋಗಿದ್ದೀರಲ್ವಾ? ಹೇಗೆ ಹೋಗುತ್ತೀರಿ? ಮುಂಬಾಗಿಲಿನಿಂದ. ಜಗಲಿಯಲ್ಲಿ ಚಪ್ಪಲಿ ಬಿಡುತ್ತೀರಿ. ಎದುರಿಗೇ ಅವರ ಫೋಟೊ, ಅದಕ್ಕೊಂದು ಗಂಧದ ಹಾರ. ಬಲಕ್ಕೆ ಕನ್ನಡಕ, ಪೆನ್ನು, ಕೋಟು. ಎಡಕ್ಕೆ ಪದಕ, ಸನ್ಮಾನ ಪತ್ರ. ಆಮೇಲೆ ಅವರು ಮಲಗುತ್ತಿದ್ದ ಮಂಚ, ಮುಟ್ಟಬಾರದು. ಅಷ್ಟು ನೋಡುವಷ್ಟರಲ್ಲಿ ಮೇಷ್ಟ್ರು ‘ಬಸ್ಸು ಹೊರಟಿತು, ನಡೀರಿ ನಡೀರಿ’ ಅನ್ನುತ್ತಾರೆ. ಆ ಮೇಷ್ಟ್ರು ನಾನು. ಅಡುಗೆಮನೆ, ಬಚ್ಚಲು, ಬಾವಿಕಟ್ಟೆ, ಕೊಟ್ಟಿಗೆ ಇವೆಲ್ಲ ಹೊತ್ತಿದ್ದರೆ ನೋಡುವ ಜಾಗಗಳು. ಹೊತ್ತು ಯಾವತ್ತೂ ಇರುವುದಿಲ್ಲ.

ನನ್ನ ಜಗಳ ಇಷ್ಟೇ. ಇದನ್ನು ತಿರುವಿಹಾಕಿ. ಮನೆ ನೋಡಲು ಬಂದವರನ್ನು ಹಿತ್ತಲ ಬಾಗಿಲಿಂದ ಒಳಗೆ ಕರೆಯಿರಿ. ನೀರು ಬಂದದ್ದು ಆ ಬಾಗಿಲಿಂದ. ಸೌದೆ, ಸೊಪ್ಪು, ಹಾಲು ಬಂದದ್ದು ಆ ಬಾಗಿಲಿಂದ. ಸುದ್ದಿಯೂ ಅಷ್ಟೇ. ಊರಿನ ಸುದ್ದಿ ಮುಂಬಾಗಿಲಿಗೆ ಬರುವ ಹೊತ್ತಿಗೆ ಹಿತ್ತಲಲ್ಲಿ ಅದು ಹಳಸಿರುತ್ತಿತ್ತು. ಮನೆಯ ಅರ್ಧ ಜನಕ್ಕೆ ಅದೇ ಮುಂಬಾಗಿಲು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿಕೊಂಡ ಜನ ನಾವು. ಹಿತ್ತಲ ಬಾಗಿಲು ಇತಿಹಾಸವಲ್ಲ ಅಂದರೆ ಆಶ್ಚರ್ಯವೇನಿಲ್ಲ.

ಈ ಹುಚ್ಚು ನನಗೆ ಹಿಡಿಸಿದ್ದು ನಮ್ಮ ದೊಡ್ಡಮ್ಮ. ಆ ಕತೆ ಹೇಳಲೇಬೇಕು. ನನ್ನ ಹಳೇ ವಿದ್ಯಾರ್ಥಿಗಳು ಇಲ್ಲಿ ನಾಲ್ಕೈದು ಜನ ಕಾಣುತ್ತಿದ್ದಾರೆ, ಅವರು ಇದನ್ನು ಮೊದಲೇ ಕೇಳಿದ್ದಾರೆ, ಕ್ಷಮಿಸಬೇಕು.

ದೊಡ್ಡಮ್ಮನಿಗೆ ಆಗ ಎಂಬತ್ತರ ಹತ್ತಿರ. ಒಂದು ಮದುವೆ ಮುಗಿಸಿ ಬರುವ ದಾರಿಯಲ್ಲಿ ಮಲೆನಾಡಿನ ಒಂದು ಹಳೇ ತೊಟ್ಟಿ ಮನೆ ಸಿಕ್ಕಿತು. ಮ್ಯೂಸಿಯಂ ಮಾಡಿದ್ದರು. ಊರ ಹೆಸರು ಹೇಳುವುದಿಲ್ಲ, ಅವರು ಒಳ್ಳೆಯ ಜನ. ಟಿಕೆಟ್ ತೆಗೆದುಕೊಂಡೆವು. ‘ಮನೆ ನೋಡಲಿಕ್ಕೆ ದುಡ್ಡಾ?’ ಅಂತ ದೊಡ್ಡಮ್ಮ ಜಗಲಿಯಲ್ಲೇ ತಕರಾರು ತೆಗೆದರು. ಗೈಡ್ ಒಬ್ಬ ಚಿಕ್ಕ ಹುಡುಗ, ಕಾಲೇಜಿಗೆ ಹೋಗುವ ವಯಸ್ಸು. ಪಾಪ, ಬಾಯಿಪಾಠ ಮಾಡಿದ್ದ. ಕಂಬದ ಕೆತ್ತನೆ, ಮುಚ್ಚಿಗೆಯ ಮರ, ಯಜಮಾನರ ವಂಶಾವಳಿ ಎಲ್ಲ ಒಂದೇ ಉಸಿರಿಗೆ. ದೊಡ್ಡಮ್ಮ ಮಂಡಿ ನೋವು ಅಂತ ತೊಟ್ಟಿಯ ಕಟ್ಟೆ ಮೇಲೆ ಕೂತು ಆಕಳಿಸುತ್ತಿದ್ದರು.

ಊಟದ ಪಡಸಾಲೆಗೆ ಹೋದೆವು. ನಡುವೆ ಒಂದು ಉದ್ದನೆಯ ಮರದ ಮರಿಗೆ. ಒಂದೇ ಮರದ ತುಂಡನ್ನು ದೋಣಿಯ ಹಾಗೆ ಕೊರೆದದ್ದು. ಅದರ ತುಂಬ ಪ್ಲಾಸ್ಟಿಕ್ ಹೂವು. ಮುಂದೆ ಲೇಬಲ್ಲು: ‘ಅತಿಥಿಗಳಿಗೆ ಅನ್ನ ಬಡಿಸಲು ಬಳಸುತ್ತಿದ್ದ ಮರದ ಪಾತ್ರೆ.’ ಹುಡುಗ ಅದನ್ನು ಗಟ್ಟಿಯಾಗಿ ಓದಿದ. ದೊಡ್ಡಮ್ಮ ಎದ್ದು ಬಂದರು. ನೋಡಿದರು. ನಗು ಶುರುವಾಯಿತು. ಎಂಥ ನಗು ಅಂದರೆ ಕಂಬ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬಂತು.

‘ಅಲ್ಲ ಮಗಾ, ಇದು ಕಲಗಚ್ಚಿನ ಮರಿಗೆ! ಇದರಲ್ಲಿ ಬಡಿಸಿದ್ದರೆ ನಿಮ್ಮ ಅತಿಥಿಗಳು ಅಂಬಾ ಅಂತಿದ್ದರು!’

ಕಲಗಚ್ಚು ಅಂದರೆ ಗೊತ್ತಲ್ಲ, ಅಕ್ಕಿ ತೊಳೆದ ನೀರು, ಉಳಿದದ್ದು ಬಳಿದದ್ದು ಸೇರಿಸಿ ದನಕ್ಕೆ ಇಡುವುದು. ಹುಡುಗ ಒಪ್ಪಲಿಲ್ಲ. ‘ಇಲ್ಲ ಅಜ್ಜಿ, ಸರ್ ಬರೆಸಿದ್ದು’ ಅಂದ. ದೊಡ್ಡಮ್ಮ ಹೂವನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರು. ಅಂಚಿನ ಮೇಲೆ ಅವನ ಕೈ ಹಿಡಿದು ಆಡಿಸಿದರು. ಒಂದು ಕಡೆ ಅಂಚು ಒರಟು, ಇನ್ನೊಂದು ಕಡೆ ಗಾಜಿನ ಹಾಗೆ ನುಣುಪು. ‘ಎಮ್ಮೆಯ ಕುತ್ತಿಗೆ ತಾಗಿ ತಾಗಿ ಸವೆದದ್ದು ಇದು. ಅನ್ನದ ಸೌಟು ತಾಗಿದರೆ ಒಳಗೆ ಸವೆಯಬೇಕು, ಹೊರಗೆ ಯಾಕೆ ಸವೆಯುತ್ತದೆ?’

ಇದು ಸಂಶೋಧನೆ ಅಲ್ವಾ? ನಾನು ಎಷ್ಟೋ ಸೆಮಿನಾರಿನಲ್ಲಿ ಕೂತಿದ್ದೇನೆ. ಇಷ್ಟು ಚೊಕ್ಕವಾದ ವಾದ ಕೇಳಿದ್ದು ಕಡಿಮೆ.

ಅಲ್ಲಿಂದ ಮುಂದೆ ಗೈಡ್ ದೊಡ್ಡಮ್ಮನೇ. ಮಂಡಿ ನೋವು ಎಲ್ಲಿ ಹೋಯಿತೋ. ಅಡುಗೆಮನೆಯಲ್ಲಿ ಒರಳುಕಲ್ಲನ್ನು ಮೂಲೆಗೆ, ಗೋಡೆಗೆ ಒತ್ತಿ ಇಟ್ಟಿದ್ದರು. ‘ಇಲ್ಲಿಟ್ಟರೆ ಕಾಲು ಎಲ್ಲಿ ಚಾಚುವುದು?’ ಹೌದಲ್ಲ! ರುಬ್ಬುವವರು ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂರುತ್ತಿದ್ದರು. ಬೆಳಕಿಂಡಿ ಎಲ್ಲಿದೆ ನೋಡಿ, ಕಲ್ಲು ಎಲ್ಲಿತ್ತು ಅಂತ ನೆಲದಲ್ಲೇ ತೋರಿಸಿಕೊಟ್ಟರು. ಅಲ್ಲಿ ನೆಲ ತುಸು ತಗ್ಗಾಗಿತ್ತು. ಮದುವೆಯಾಗಿ ಬಂದ ಮೊದಲ ವರ್ಷ ಬೆಳಗಿನ ಜಾವ ರುಬ್ಬುವಾಗ ನಿದ್ದೆ ತೂಗಿ ಬೆರಳು ಜಜ್ಜಿಕೊಂಡದ್ದು ಹೇಳಿದರು. ಉಗುರು ತೋರಿಸಿದರು. ಹುಡುಗ ಅಷ್ಟು ಹೊತ್ತಿಗೆ ಫೋನು ತೆಗೆದು ರೆಕಾರ್ಡ್ ಮಾಡಲು ಶುರು ಮಾಡಿದ್ದ. ಜಾಣ ಹುಡುಗ.

ಕೊನೆಗೆ ಬಚ್ಚಲ ಪಕ್ಕದ ಕತ್ತಲೆಯಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ. ನೂರು ಜನರ ಅಡುಗೆಯದು. ನಾನು ಸುಮ್ನೆ ಮಾತಿಗೆ ಕೇಳಿದೆ, ‘ಇಷ್ಟು ದೊಡ್ಡದನ್ನ ಯಾರು ತೊಳೀತಿದ್ರು ದೊಡ್ಡಮ್ಮ?’

ಅವರು ತಟ್ಟನೆ ಹೇಳಿದರು. ‘ನಮ್ಮ ಮನೆಯ ಹಿತ್ತಲಿಗೆ ಬರುತ್ತಿದ್ದಳಲ್ಲ, ಅವಳು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜುತ್ತಿದ್ದಳು. ಬಾಗಿಲ ಹೊರಗೆ ಕವುಚಿ ಇಟ್ಟು ಹೋಗುತ್ತಿದ್ದಳು. ನಾವು ಅದಕ್ಕೆ ಮತ್ತೆ ನೀರು ಹೊಯ್ದು ಒಳಗೆ ತರುತ್ತಿದ್ದೆವು.’

‘ಹೆಸರೇನು?’

ದೊಡ್ಡಮ್ಮ ಯೋಚನೆ ಮಾಡಿದರು. ಕಾರಿನಲ್ಲಿ ಕೂತ ಮೇಲೂ ಯೋಚನೆ ಮಾಡುತ್ತಿದ್ದರು. ಸುಮಾರು ದೂರ ಬಂದ ಮೇಲೆ ಹೇಳಿದರು, ‘ಅವಳ ಗಂಡನ ಹೆಸರು ಹೇಳಿ ಅವನ ಹೆಂಡತಿ ಅಂತಲೇ ಕರೀತಿದ್ದದ್ದು. ಅವಳ ಹೆಸರು ನಾನು ಕೇಳಲೇ ಇಲ್ಲವಲ್ಲೋ ಮಾರಾಯ.’

ಅವತ್ತಿನಿಂದ ಯಾವ ಮ್ಯೂಸಿಯಂಗೆ ಹೋದರೂ ನನ್ನದು ಅದೊಂದೇ ಪ್ರಶ್ನೆ. ಇದನ್ನು ಯಾರು ತೊಳೆದರು? ‘ಯಾರು ಬಳಸಿದರು’ ಅಂತ ಕೇಳಿದರೆ ಯಜಮಾನರ ಹೆಸರು ಬರುತ್ತದೆ. ‘ಯಾರು ತೊಳೆದರು’ ಅಂತ ಕೇಳಿ ನೋಡಿ, ಊರೇ ಬರುತ್ತದೆ.

ಕುಪ್ಪಳಿಯ ಕವಿಮನೆಗೆ ನೀವೆಲ್ಲ ಹೋಗಿರುತ್ತೀರಿ. ಕುವೆಂಪು ಬಾಲ್ಯ ಕಳೆದ ಮನೆ. ನನ್ನ ಮಟ್ಟಿಗೆ ಅದು ಒಳ್ಳೆಯ ಮನೆ ಮ್ಯೂಸಿಯಂ, ಯಾಕೆಂದರೆ ಅಲ್ಲಿ ಕವಿಯ ಜೊತೆಗೆ ಮಲೆನಾಡಿನ ಒಂದು ಒಕ್ಕಲುಮನೆಯೂ ಉಳಿದಿದೆ. 2015ರಲ್ಲಿ ಅಲ್ಲಿಗೆ ಕಳ್ಳರು ನುಗ್ಗಿದರು, ನೆನಪಿದೆಯಾ? ಪದ್ಮ ಪ್ರಶಸ್ತಿಯ ಪದಕಗಳನ್ನು ಎತ್ತಿಕೊಂಡು ಹೋದರು. ನಾಡಿಗೆ ನಾಡೇ ನೊಂದುಕೊಂಡಿತು, ನಾನೂ ನೊಂದುಕೊಂಡೆ. ಆದರೆ ಒಂದು ಮಾತು ಹೇಳಲಾ? ಆ ಕಳ್ಳರು ಮನೆ ನೋಡಿದ್ದು ಥೇಟ್ ನನ್ನ ಹಾಗೇ. ಪ್ರವಾಸದ ಮೇಷ್ಟ್ರ ಹಾಗೆ. ಸೀದಾ ಪದಕದ ಹತ್ತಿರ ಹೋಗು, ಬೇಗ ಹೊರಡು. ಕುವೆಂಪು ಕುವೆಂಪು ಆದದ್ದು ಆ ಪದಕದಿಂದಲ್ಲ ಅಂತ ನಮಗೆಲ್ಲ ಗೊತ್ತು. ಆ ಕಾಡು, ಆ ಅಡುಗೆಮನೆ, ಆ ಗದ್ದೆಯಲ್ಲಿ ದುಡಿದವರ ಮಾತು, ಅದರಿಂದ. ಪದಕ ಕಳುವಾದರೆ ಸುದ್ದಿಯಾಗುತ್ತದೆ. ಮಾತು ಕಳುವಾದರೆ ಯಾರು ಕಂಪ್ಲೇಂಟ್ ಕೊಡುತ್ತಾರೆ?

ಪಾತ್ರೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಶಾಸನತಜ್ಞ ಬಿ.ಎಲ್. ರೈಸ್ ಎತ್ತಿನಗಾಡಿಯ ಕಾಲದಲ್ಲಿ ಸುಮಾರು 9,000 ಶಾಸನ ಹುಡುಕಿಸಿ ಓದಿಸಿದರು. ಅದರ ಮೇಲೆ ನಮ್ಮ ಇತಿಹಾಸ ನಿಂತಿದೆ. ಸರಿ. ನಿಮ್ಮ ಮನೆಯ ಅಟ್ಟದಲ್ಲಿ ಹಿತ್ತಾಳೆ ತಂಬಿಗೆ, ಕೊಳದಪ್ಪಲೆ ಇದ್ದರೆ ಇವತ್ತು ರಾತ್ರಿ ಇಳಿಸಿ ನೋಡಿ. ಕಂಠದ ಹತ್ತಿರ ಚುಕ್ಕಿ ಚುಕ್ಕಿ ಅಕ್ಷರ ಇರುತ್ತದೆ. ಯಾರ ಮದುವೆಗೆ, ಯಾರ ಮುಯ್ಯಿ, ಯಾವ ತಾರೀಕು. ಅದು ಶಾಸನವಲ್ಲದೆ ಇನ್ನೇನು? ಯಾವ ಊರಿಗೂ ಯಾವ ಊರಿಗೂ ಹೆಣ್ಣು ಕೊಟ್ಟು ತಂದರು, ಯಾವ ವರ್ಷ ಹಿತ್ತಾಳೆ ನಿಂತು ಸ್ಟೀಲ್ ಬಂತು, ಎಲ್ಲ ಅದರಲ್ಲಿದೆ. ಸ್ಟೀಲ್ ಬಂದ ಮೇಲೆ ಪಾತ್ರೆಯ ಒಳಗೆ ತವರ ಬಳಿದು ಕಲಾಯಿ ಹಾಕುವವರು ಬರುವುದು ನಿಂತಿತು. ಅವರು ಊರ ಹೊರಗೆ ಗುಂಡಿ ತೋಡಿ, ತಿದಿ ಊದಿ, ನವಸಾಗರದ ಹೊಗೆ ಎಬ್ಬಿಸುವಾಗ ನಾವು ಮಕ್ಕಳು ಮೂಗು ಮುಚ್ಚಿಕೊಂಡು ಸುತ್ತ ನಿಲ್ಲುತ್ತಿದ್ದೆವು. ಕಪ್ಪು ಪಾತ್ರೆಯೊಳಗೆ ಅರಳೆ ಒಂದು ಸುತ್ತು ಹೊಡೆದರೆ ಬೆಳ್ಳಿ! ಈಗ ಹಿತ್ತಾಳೆ ಪಾತ್ರೆ ಮ್ಯೂಸಿಯಂನಲ್ಲಿದೆ. ಕಲಾಯಿಯವರು ಯಾವ ಲೇಬಲ್ಲಿನಲ್ಲೂ ಇಲ್ಲ.

ಇದು ಮೊದಲನೆಯ ವಿಷಯ. ಸಂಘಟಕರು ಆಗಲೇ ಗಡಿಯಾರ ನೋಡುತ್ತಿದ್ದಾರೆ.

ಎರಡನೆಯದು ಅಳತೆ. ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಹಳೇ ಜಮೀನ್ದಾರರ ಮನೆಗಳಲ್ಲಿ ಭತ್ತ ಅಳೆಯುವ ಕೊಳಗ ಇಟ್ಟಿರುತ್ತಾರೆ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಂತ ಮಕ್ಕಳಿಗೆ ಬರೆದು ತೋರಿಸುತ್ತಾರೆ. ಒಳ್ಳೆಯದೇ. ಆದರೆ ನಾನು ನೋಡಿದ ಒಂದು ಮನೆಯಲ್ಲಿ ಎರಡು ಕೊಳಗ ಪಕ್ಕಪಕ್ಕ ಇಟ್ಟಿದ್ದರು. ಲೇಬಲ್ಲು ‘ಕೊಳಗಗಳು’. ಅಷ್ಟೇ. ಒಂದು ದೊಡ್ಡದು, ಒಂದು ತುಸು ಚಿಕ್ಕದು. ಹೊರಗೆ ಅಂಗಳ ಗುಡಿಸುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ, ಎರಡು ಯಾಕೆ ಅಂತ. ಅವರು ಪೊರಕೆ ಕೆಳಗಿಡದೆ ಹೇಳಿದರು: ‘ದೊಡ್ಡದು ಗೇಣಿ ತಗೊಳ್ಳೋದಕ್ಕೆ. ಚಿಕ್ಕದು ಕೂಲಿ ಕೊಡೋದಕ್ಕೆ.’

ಕೊಡುವ ಕೊಳಗ ಬೇರೆ, ತೆಗೆದುಕೊಳ್ಳುವ ಕೊಳಗ ಬೇರೆ ಅನ್ನುವ ಮಾತು ಎಷ್ಟೋ ಊರಿನಲ್ಲಿದೆ. ಆ ಎರಡು ಕೊಳಗದ ನಡುವಿನ ವ್ಯತ್ಯಾಸದಲ್ಲಿ ಉಳುವವನಿಗೆ ಭೂಮಿ ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿಯ ಇಡೀ ಕಾರಣ ಇದೆ. ಒಂದು ಸೇರು ಅಕ್ಕಿ ತಂದು ಮಕ್ಕಳ ಮುಂದೆ ಅಳೆದು ತೋರಿಸಿ, ಪಠ್ಯಪುಸ್ತಕದ ಹತ್ತು ಪುಟ ಉಳಿಯುತ್ತದೆ. ಲೆಕ್ಕ ಬರೆದದ್ದು ಕಡತದಲ್ಲಿ. ಈಗ ಕಡತ ಅಂದರೆ ಸರ್ಕಾರಿ ಫೈಲು. ಆಗ ಅದು ಬಟ್ಟೆ, ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಒರೆಸಿ ಹಾಕುವ ಸೌಕರ್ಯ ಯಾರ ಕೈಯಲ್ಲಿತ್ತು ಅಂತ ಬೇರೆ ಹೇಳಬೇಕಾ?

ಮತ್ತೆ ಹೊಸ್ತಿಲು. ಒಂದು ಮನೆಗೆ ಎಷ್ಟು ಹೊಸ್ತಿಲು ಅಂತ ಎಣಿಸಿ. ಅಂಗಳದವರೆಗೆ ಯಾರು, ಜಗಲಿಯವರೆಗೆ ಯಾರು, ತೊಟ್ಟಿಯವರೆಗೆ ಯಾರು, ಅಡುಗೆಮನೆಯವರೆಗೆ ಯಾರು? ಆ ಮನೆಯ ಹೆಂಗಸರೇ ತಿಂಗಳಿಗೆ ಮೂರು ದಿನ ಎಲ್ಲಿ ಕೂರುತ್ತಿದ್ದರು? ಬಾಣಂತಿಯ ಕೋಣೆಗೆ ಕಿಟಕಿ ಯಾಕಿಲ್ಲ? ಹಳೇ ಮನೆಯ ನಕ್ಷೆ ಅಂದರೆ ಊರಿನ ಜಾತಿಯ ನಕ್ಷೆಯೂ ಹೌದು. ನಾವು ಇದನ್ನೆಲ್ಲ ‘ನಮ್ಮ ಹಿರಿಯರ ವಾಸ್ತುಜ್ಞಾನ’ ಅಂತ ಒಂದು ಬೋರ್ಡಿನಲ್ಲಿ ಮುಗಿಸುತ್ತೇವೆ. ಮಾಡು ಇಳಿಜಾರು, ಗಾಳಿ ಬೆಳಕು ಚೆನ್ನ, ಬೇಸಿಗೆಯಲ್ಲಿ ತಂಪು. ಹೌದು, ತಂಪು. ಒಳಗಿದ್ದವರಿಗೆ.

ನಮ್ಮ ಹಿರಿಯರನ್ನು ಬೈಯುತ್ತಿದ್ದೀರಿ ಅಂತ ಯಾರೋ ಅಂದುಕೊಳ್ಳುತ್ತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ನರ ಮನೆ ಮಾಂಟಿಚೆಲ್ಲೊ ಇದೆ. ಎಲ್ಲ ಮನುಷ್ಯರೂ ಸಮಾನರು ಅಂತ ಬರೆದವರ ಮನೆ. ಅವರು ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದರು. ಬಹಳ ಕಾಲ ಆ ಮನೆಯಲ್ಲೂ ಪೆನ್ನು, ಮೇಜು, ಮಂಚ, ಅಷ್ಟೇ ತೋರಿಸುತ್ತಿದ್ದರು. ಈಗ ಗುಲಾಮರು ದುಡಿದ ಜಾಗಗಳನ್ನೂ ತೋರಿಸುತ್ತಾರೆ. 2018ರಲ್ಲಿ ಸ್ಯಾಲಿ ಹೆಮಿಂಗ್ಸ್ ಅನ್ನುವ ಗುಲಾಮ ಹೆಣ್ಣುಮಗಳ ಬಾಳಿನ ಬಗ್ಗೆ ಅಲ್ಲೇ ಒಂದು ಕೋಣೆ ತೆರೆದರು. ಜೆಫರ್ಸನ್ ಸಣ್ಣವರಾಗಲಿಲ್ಲ, ಮನೆ ದೊಡ್ಡದಾಯಿತು. ಪಾತ್ರೆ ತೊಳೆದವರಿಗೂ ಅಲ್ಲಿ ಈಗ ಹೆಸರಿದೆ.

ಚೀಟಿ ಬಂತು. ಹದಿನೈದು ನಿಮಿಷ ಅಂತೆ. ಆಯ್ತು.

ಮೂರನೆಯದು, ಮನೆ ಉಳಿಯುವುದು ಹೇಗೆ. ನಮ್ಮಲ್ಲಿ ಮನೆ ಉಳಿಯುವುದು ಹೆಚ್ಚಾಗಿ ಅದೃಷ್ಟದಿಂದ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆಯಲ್ಲ, 2011ರಲ್ಲಿ ಅದನ್ನು ಕೆಡವಲು ಶುರು ಮಾಡಿದ್ದರು. ಪತ್ರಿಕೆಯಲ್ಲಿ ಸುದ್ದಿಯಾಯಿತು, ಕೆಲಸ ನಿಂತಿತು, 2016ರಲ್ಲಿ ಮ್ಯೂಸಿಯಂ ಆಯಿತು. ಸುದ್ದಿ ಒಂದು ವಾರ ತಡವಾಗಿದ್ದರೆ ಅಲ್ಲೊಂದು ಅಪಾರ್ಟ್‌ಮೆಂಟು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ‘ಸನ್ನಿಸೈಡ್’ ಮನೆಯಲ್ಲಿ ಎಷ್ಟೋ ವರ್ಷ ಆರ್‌ಟಿಒ ಕಚೇರಿ ಇತ್ತು. 2021ರಲ್ಲಿ ರಾಷ್ಟ್ರಪತಿಗಳು ಬಂದು ಮ್ಯೂಸಿಯಂ ಉದ್ಘಾಟಿಸಿದರು. ನನಗೆ ಆ ಆರ್‌ಟಿಒ ಕಾಲವೂ ಇತಿಹಾಸವೇ. ಒಂದು ಗೋಡೆಯಲ್ಲಿ ಅದಕ್ಕೂ ಜಾಗ ಕೊಡಬೇಕು ಅಂತ ನನ್ನಾಸೆ. ಊರಿನ ಎಷ್ಟು ಜನ ಆ ವರಾಂಡದಲ್ಲಿ ಲೈಸೆನ್ಸಿಗೆ ಕಾದಿರಬೇಡ!

ಆದರೆ ಗಮನಿಸಿ. ಇವೆಲ್ಲ ದೊಡ್ಡ ಹೆಸರಿನ ಮನೆಗಳು. ಹೆಸರಿಲ್ಲದವರ ಮನೆ ಹಿಂದೆ ಯಾರು ಹೋದರು? ಮಣಿಪಾಲದ ವಿಜಯನಾಥ ಶೆಣೈ ಹೋದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ. ಭೂಸುಧಾರಣೆ ಬಂದ ಮೇಲೆ ಗೇಣಿ ನಿಂತಿತು, ಭತ್ತದ ಪತ್ತಾಯ ಬರಿದಾಯಿತು, ಕೂಡುಕುಟುಂಬ ಪಾಲಾಯಿತು. ಅಷ್ಟು ದೊಡ್ಡ ಮಾಡಿಗೆ ಹಂಚು ಹೊದಿಸುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಕಂಬ, ಬಾಗಿಲು, ತೊಲೆ ಎಲ್ಲ ಮರದ ಬೆಲೆಗೆ ಹೋಗುತ್ತಿದ್ದವು. ಉಳುವವನಿಗೆ ಭೂಮಿ ಬಂದದ್ದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ನ್ಯಾಯಕ್ಕೆ ಸಾಕ್ಷಿಯಾಗಿದ್ದ ಮನೆಗಳೂ ಹೋದವು. ಶೆಣೈ ಅಂಥ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. 1816ರ ಕುಂಜೂರು ಚೌಕಿಮನೆ ಈಗ ಅಲ್ಲಿ ನಿಂತಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ಥರ್ ಹಜೇಲಿಯಸ್ ಹೀಗೆ ಹಳ್ಳಿಮನೆಗಳನ್ನು ತಂದು ನಿಲ್ಲಿಸಿ 1891ರಲ್ಲೇ ಸ್ಕಾನ್ಸೆನ್ ತೆರೆದಿದ್ದರು. ನಮ್ಮಲ್ಲಿ ಒಬ್ಬ ಮನುಷ್ಯನ ಹಟದಿಂದ ಆಯಿತು. ಶೆಣೈ 2017ರಲ್ಲಿ ತೀರಿಕೊಂಡರು. ರಾಮನಗರದ ಜಾನಪದ ಲೋಕ ಕಟ್ಟಿದ ನಾಗೇಗೌಡರು, ಬಂಟ್ವಾಳದಲ್ಲಿ ತುಳು ಬದುಕಿನ ಸಾಮಾನು ಕೂಡಿಹಾಕಿದ ತುಕಾರಾಮ ಪೂಜಾರಿಯವರು, ಎಲ್ಲರದೂ ಇದೇ ಹಟ. ಮೈಸೂರಿನ ಮಾನಸಗಂಗೋತ್ರಿಯಲ್ಲಂತೂ ಒಂದು ತಮಾಷೆ ನೋಡಿ. ಜಯಲಕ್ಷ್ಮಿ ವಿಲಾಸ ರಾಜಕುಮಾರಿಗಾಗಿ ಕಟ್ಟಿಸಿದ ಅರಮನೆ. ಅದರೊಳಗೆ 1968ರಲ್ಲಿ ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯ ಮಾಡಿತು. ಅರಮನೆಯ ಒಳಗೆ ರೈತರ ಮನೆಯ ಸಾಮಾನು! ಅಲ್ಲಿ ನಿಂತಾಗ ನನಗೆ ಯಾಕೋ ಬಹಳ ಖುಷಿಯಾಗುತ್ತದೆ.

ಈಗ ಗ್ಲಾಸ್ಗೊದ ಕತೆ ಹೇಳದೆ ಮುಂದೆ ಹೋಗಲಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ಪಟ್ಟಣದಲ್ಲಿ ಆಗ್ನೆಸ್ ಟುವರ್ಡ್ ಅಂತ ಒಬ್ಬ ಹೆಣ್ಣುಮಗಳು. ಕೆಲಸ ಶಾರ್ಟ್‌ಹ್ಯಾಂಡ್ ಟೈಪಿಸ್ಟ್. ತಾಯಿ ಬಟ್ಟೆ ಹೊಲಿಯುವವರು. ನಾಲ್ಕು ಕೋಣೆಯ ಬಾಡಿಗೆ ವಠಾರದ ಮನೆಗೆ 1911ರಲ್ಲಿ ಬಂದರು. 1965ರವರೆಗೆ ಅಲ್ಲೇ. ಮದುವೆ ಆಗಲಿಲ್ಲ, ಪದಕ ಬರಲಿಲ್ಲ, ಪುಸ್ತಕ ಬರೆಯಲಿಲ್ಲ. ಒಂದೇ ಗುಣ, ಏನನ್ನೂ ಬಿಸಾಕುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅಂಥವರಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ರಸೀದಿ, ಪತ್ರ, ಔಷಧಿ ಡಬ್ಬಿ, 1929ರಲ್ಲಿ ಮಾಡಿಟ್ಟ ಪ್ಲಮ್ ಜಾಮಿನ ಬಾಟಲಿ ಕೂಡ! ಆ ಮನೆ ಇವತ್ತು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿನ ಮ್ಯೂಸಿಯಂ. ಗ್ಯಾಸ್ ದೀಪ ಈಗಲೂ ಉರಿಯುತ್ತದೆ. ಅಡುಗೆಮನೆಯ ಗೋಡೆಯೊಳಗೇ ಗೂಡಿನ ಹಾಗೆ ಹಾಸಿಗೆ. ಕಲ್ಲಿದ್ದಲ ಪೆಟ್ಟಿಗೆಯೂ ಅಲ್ಲೇ. ಪಾತ್ರೆ ಯಾರು ತೊಳೆದರು ಅಂತ ನಾನು ಅಲ್ಲಿ ಕೇಳಬೇಕಾಗಿಲ್ಲ. ಅವರೇ ತೊಳೆದರು. ಇಡೀ ಮ್ಯೂಸಿಯಂ ಇರುವುದೇ ಪಾತ್ರೆ ತೊಳೆದವರ ಹೆಸರಿನಲ್ಲಿ.

ನಮ್ಮಲ್ಲಿ ಒಬ್ಬ ಟೈಪಿಸ್ಟಿನ ಮನೆ ಯಾವಾಗ ಮ್ಯೂಸಿಯಂ ಆಗುತ್ತದೆ? ಒಬ್ಬ ಬೀಡಿ ಕಟ್ಟುವವರ, ಒಬ್ಬ ನೇಕಾರರ, ಒಬ್ಬ ಪ್ರೈಮರಿ ಶಾಲೆ ಟೀಚರಮ್ಮನ ಮನೆ? ವಠಾರ ಅನ್ನುವುದೇ ಬೆಂಗಳೂರಿನಲ್ಲಿ ಮುಗಿಯುತ್ತಾ ಬಂತು. ಒಂದು ನಲ್ಲಿ, ಏಳು ಸಂಸಾರ, ಬೆಳಗಿನ ಬಿಂದಿಗೆ ಸಾಲು. ಒಂದನ್ನಾದರೂ ನಲ್ಲಿಯ ಸಮೇತ ಉಳಿಸಿಕೊಳ್ಳಬಾರದಾ?

ಐದು ನಿಮಿಷದ ಚೀಟಿ. ನಾಲ್ಕನೆಯದು ದುರಸ್ತಿ, ಬೇಗ ಹೇಳುತ್ತೇನೆ. ಹಳೇ ಮನೆಯನ್ನು ಕಾಪಾಡುತ್ತಿದ್ದದ್ದು ಒಲೆಯ ಹೊಗೆ. ಅಟ್ಟದ ಮರಕ್ಕೆ ಹೊಗೆ ಹಿಡಿದಿದ್ದರೆ ಹುಳ ಹತ್ತಿರ ಸುಳಿಯುವುದು ಕಡಿಮೆ. ಮ್ಯೂಸಿಯಂ ಆದ ದಿನ ಒಲೆ ಆರಿತು, ಹುಳ ಬಂತು, ಗೆದ್ದಲು ಬಂತು. ಮಣ್ಣಿನ ಗೋಡೆಗೆ ದಯವಿಟ್ಟು ಸಿಮೆಂಟ್ ಬಳಿಯಬೇಡಿ. ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಸುಣ್ಣದ ಗಾರೆಯೇ ಸರಿ. ಮತ್ತೆ ಹಂಚು. ಒಬ್ಬ ಯಜಮಾನರು ನನಗೆ ಹಂಚು ತೋರಿಸಿ, ‘ನೋಡಿ, 1865 ಅಂತ ಇದೆ, ನಮ್ಮ ಮನೆ 1865ರದ್ದು’ ಅಂದರು. ಅದು ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಸ್ವಾಮಿ! ಬಿಸ್ಕೆಟ್ ಪೊಟ್ಟಣದ ಮೇಲೆ ಕಂಪನಿ ಶುರುವಾದ ವರ್ಷ ಇರುತ್ತದಲ್ಲ, ಹಾಗೆ. ಅವರಿಗೆ ಬೇಜಾರಾಯಿತು. ಊಟಕ್ಕೆ ಏಳಿ ಅಂದಿದ್ದವರು ಕಾಫಿಯಲ್ಲೇ ಮುಗಿಸಿದರು.

ಐದನೆಯದು ಹಣಕಾಸು. ಅದು ಹೇಗೂ ಇಲ್ಲ. ಬಿಡಿ.

ದೊಡ್ಡಮ್ಮ ಈಗಿಲ್ಲ. ಆ ಹುಡುಗನ ಫೋನಿನಲ್ಲಿ ಅವರ ದನಿ ಇದೆ. ಆಮೇಲೆ ಅವನು ಹುಡುಕಿಕೊಂಡು ಬಂದು ನನಗೂ ಒಂದು ಕಾಪಿ ಕಳಿಸಿದ. ಮರಿಗೆಯನ್ನು ಕೊಟ್ಟಿಗೆಗೆ ಸಾಗಿಸಿ ಲೇಬಲ್ ಬದಲಾಯಿಸಿದ್ದಾರೆ. ಕೊಪ್ಪರಿಗೆಗೆ ಇನ್ನೂ ಲೇಬಲ್ ಹಾಕಿಲ್ಲ. ಅದನ್ನು ತೊಳೆಯುತ್ತಿದ್ದವಳ ಹೆಸರು ಹುಡುಕುತ್ತಿದ್ದೇವೆ. ಮೊಮ್ಮಕ್ಕಳು ಪಕ್ಕದ ಊರಿನಲ್ಲಿದ್ದಾರಂತೆ, ಮುಂದಿನ ವಾರ ಹೋಗುವವನಿದ್ದೇನೆ.

ಏನು? ಹಾಂ, ಚೀಲ! ಒಳ್ಳೆಯದಾಯಿತು ನೆನಪು ಮಾಡಿದಿರಿ.

ಇದು ನೋಡಿ. ನಮ್ಮ ಹಳೇ ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಗೇಣುದ್ದದ ಮರದ ತುಂಡು, ಬಹುಶಃ ಹಲಸು. ಒಂದು ತುದಿಯಲ್ಲಿ ತೂತು, ಹಗ್ಗ ಉಜ್ಜಿದ ಗುರುತಿದೆ. ಇನ್ನೊಂದು ತುದಿ ಕವಲು. ನಡುವೆ ಕೈ ಹಿಡಿದು ಹಿಡಿದು ನುಣುಪಾಗಿದೆ. ಇಬ್ಬರು ಪ್ರೊಫೆಸರುಗಳಿಗೆ ತೋರಿಸಿದೆ. ಒಬ್ಬರು ಮಗ್ಗದ ಭಾಗ ಅಂದರು, ಇನ್ನೊಬ್ಬರು ಆಟಿಕೆ ಅಂದರು. ದೊಡ್ಡಮ್ಮನನ್ನು ಕೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಇಲ್ಲಿ ಯಾರಿಗಾದರೂ ಗೊತ್ತಾ?

ಹಿಂದಿನ ಸಾಲಿನಲ್ಲಿ ಒಬ್ಬರು ಅಮ್ಮ ಕೈ ಎತ್ತಿದ್ದಾರೆ. ಮೈಕ್ ಅವರ ಹತ್ತಿರ ಕೊಡಿ. ಕೂತೇ ಹೇಳಿ ಅಮ್ಮಾ, ಪರವಾಗಿಲ್ಲ. ಏನಂದಿರಿ?

ತಲೆಕೆಳಗಾಗಿ ಹಿಡಿದಿದ್ದೇನಾ?